ಫ್ಲೆಕ್ಸ್‌ನ ಕೆಳಸಾಲು ಬಿಟ್ಟರೆ ಮಂಡ್ಯದ ಹುಡುಗರಿಗೆ ರಾಜಕೀಯದಲ್ಲಿ ಜಾಗ ಎಲ್ಲಿದೆ?

ಮದ್ದೂರು ಸೀಮೆಯವನು:

ನಮ್ಮ ಜಿಲ್ಲೆಯಲ್ಲಿ ಯಾವ ಪಕ್ಷದ ಸಭೆಗೆ ಹೋದರೂ ಭಾಷಣದ ಕೊನೆಗೆ ಒಂದು ಮಾತು ಬಂದೇ ಬರುತ್ತದೆ: ಯುವಕರು ರಾಜಕೀಯಕ್ಕೆ ಬರಬೇಕು. ಚಪ್ಪಾಳೆಯೂ ಬೀಳುತ್ತದೆ. ಬಂದವರಿಗೆ ಕೊಡುವ ಕೆಲಸ ಯಾವುದು ಎಂದು ಮಾತ್ರ ಯಾರೂ ಹೇಳುವುದಿಲ್ಲ. ತಿಳಿಯಬೇಕಾದರೆ ಯಾವುದಾದರೂ ಹೋಬಳಿ ಕೇಂದ್ರದ ಸರ್ಕಲ್‌ನಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಮುಂದೆ ಒಂದು ನಿಮಿಷ ನಿಲ್ಲಿ. ಮೇಲಿನ ಅಂಚಿನಲ್ಲಿ ಪಕ್ಷದ ಹಿರಿಯರು. ನಡುವೆ ಆಳೆತ್ತರಕ್ಕೆ ಕೈಮುಗಿದು ನಿಂತ ನಾಯಕರು. ಕೆಳಗೆ ಎರಡು ಸಾಲಿನಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳು, ಒಂದಕ್ಕೊಂದು ಒತ್ತಿಕೊಂಡು, ಹೆಸರು ಓದಲು ಹತ್ತಿರ ಹೋಗಬೇಕು. ‘ಶುಭ ಕೋರುವವರು.’ ಫ್ಲೆಕ್ಸ್‌ಗೆ ದುಡ್ಡು ಹಾಕಿದವರು ಆ ಕೆಳಸಾಲಿನವರು, ಗಳ ನೆಟ್ಟವರು ಅವರು, ಕ್ರೇನ್ ತರಿಸಿ ಸೇಬಿನ ಹಾರ ಎತ್ತಿಸಿದವರು ಅವರು, ಬೈಕ್ ರ‍್ಯಾಲಿಗೆ ಹುಡುಗರನ್ನು ಸೇರಿಸಿದವರೂ ಅವರೇ. ಪಂಚಾಯಿತಿಯಲ್ಲಿ, ಸೊಸೈಟಿಯಲ್ಲಿ, ಡೈರಿಯಲ್ಲಿ ತೀರ್ಮಾನಕ್ಕೆ ಕೂರುವವರು ಮಾತ್ರ ಬೇರೆ.

ಡೈರಿಯ ಮಾತನ್ನೇ ತೆಗೆದುಕೊಳ್ಳಿ. ಮಂಡ್ಯದಲ್ಲಿ ರಾಜಕೀಯ ಕಲಿಯುವುದು ವಿಧಾನಸಭೆಯಲ್ಲಲ್ಲ, ಹಾಲಿನ ಡೈರಿಯಲ್ಲಿ. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು, ಕ್ಯಾನು ಹೊತ್ತು, ಫ್ಯಾಟ್ ಎಷ್ಟು ಬಂತೆಂದು ನೋಡಿ ಚೀಟಿ ತರುವವರು ಮನೆಯ ಮಗ ಇಲ್ಲವೇ ಸೊಸೆ. ಷೇರು ಇರುವುದು ಅಪ್ಪನ ಹೆಸರಿನಲ್ಲಿ. ಹಾಗಾಗಿ ಮತವೂ ಅಪ್ಪನದೇ, ಸರ್ವಸದಸ್ಯರ ಸಭೆಯಲ್ಲಿ ಬಾಯಿ ಬಿಡುವ ಹಕ್ಕೂ ಅಪ್ಪನದೇ. ಜಮೀನಿನದೂ ಇದೇ ಕಥೆ. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ. ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿಲ್ಲ, ಏಕೆಂದರೆ ಭಾಗದ ಮಾತೆತ್ತಿದರೆ ದೊಡ್ಡಪ್ಪ ಚಿಕ್ಕಪ್ಪಂದಿರ ನಡುವೆ ಮುನಿಸು. ಪಹಣಿಯಲ್ಲಿ ಹೆಸರಿಲ್ಲದವನು ಸಾಲಕ್ಕೆ ಅರ್ಜಿ ಹಾಕಿದರೆ ಸೊಸೈಟಿಯ ಕಾರ್ಯದರ್ಶಿ ಕೇಳುವ ಮೊದಲ ಪ್ರಶ್ನೆ, ‘ಅಪ್ಪ ಬಂದಿಲ್ಲವೇ?’

2023ರ ಫೆಬ್ರವರಿಯಲ್ಲಿ ಮದುವೆಯಾಗದ ರೈತ ಯುವಕರು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಬಹಳ ಮಂದಿ ನಕ್ಕರು. ನನಗೆ ನಗು ಬರಲಿಲ್ಲ. ಬೇಸಾಯದಲ್ಲಿ ಮಾನ ಇಲ್ಲ, ಆದಾಯ ಇಲ್ಲ, ಮನೆಯಲ್ಲಿ ನಮ್ಮ ಮಾತಿಗೆ ಬೆಲೆ ಇಲ್ಲ, ಆದ್ದರಿಂದ ಯಾರೂ ಹೆಣ್ಣು ಕೊಡುತ್ತಿಲ್ಲ ಎನ್ನುವುದು ಅಪ್ಪಟ ರಾಜಕೀಯದ ಮಾತು. ಅದನ್ನು ಹೇಳಲು ಗ್ರಾಮ ಸಭೆಯಲ್ಲಿ ಜಾಗ ಸಿಗದೆ ಮಾದಪ್ಪನ ಬಳಿಗೆ ಹೋದರು.

ನನ್ನ ಪ್ರಶ್ನೆ ಇಷ್ಟೇ. ಹಿರಿಯರು ಜಾಗ ಬಿಡುವುದಿಲ್ಲ, ಕಿರಿಯರು ಕೇಳುವುದಿಲ್ಲ. ಇದು ಎಲ್ಲಿಂದ ಶುರುವಾಯಿತು? ಬಗೆಹರಿಯುವುದು ಎಲ್ಲಿಂದ? ವಯಸ್ಸಾದವರೂ ಬರೆಯಿರಿ, ನಮ್ಮ ವಯಸ್ಸಿನವರೂ ಬರೆಯಿರಿ.

ಪಾಂಡವಪುರದ ರೈತ:

ತಮ್ಮ, ನಿನ್ನ ಡೈರಿಯ ಮಾತು ಒಪ್ಪಿದೆ. ಆದರೆ ಜಾಗ ಕೊಡಿ ಎಂದು ಕೇಳುತ್ತಾ ಕುಳಿತರೆ ಯಾವ ಕಾಲಕ್ಕೂ ಸಿಗುವುದಿಲ್ಲ. ನಮಗೂ ಯಾರೂ ಕರೆದು ಕೊಡಲಿಲ್ಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ಆ ಕಿಚ್ಚಿನಿಂದ ರೈತ ಸಂಘ ಹುಟ್ಟಿತು. ಪ್ರೊಫೆಸರ್ ನಂಜುಂಡಸ್ವಾಮಿಯವರು ಊರೂರಿಗೆ ಬಂದು ಅರಳಿಕಟ್ಟೆಯ ಮೇಲೆ ಕುಳಿತು ಲೆಕ್ಕ ಹೇಳಿಕೊಡುತ್ತಿದ್ದರು. ಗೊಬ್ಬರಕ್ಕೆ ಎಷ್ಟು, ಕೂಲಿಗೆ ಎಷ್ಟು, ಕಬ್ಬಿಗೆ ಕಾರ್ಖಾನೆ ಕೊಡುವುದೆಷ್ಟು. ಆಗ ನಮಗೆ ಮೀಸೆ ಚಿಗುರುತ್ತಿದ್ದ ವಯಸ್ಸು. ‘ಜಪ್ತಿಗೆ ಬಂದ ಅಧಿಕಾರಿಯನ್ನು ಊರೊಳಗೆ ಬಿಡಬೇಡಿ’ ಎಂದರೆ ಮುಂದೆ ನಿಲ್ಲುತ್ತಿದ್ದವರು ನಾವು, ಹಿಂದಿನಿಂದ ಬೈಯುತ್ತಿದ್ದವರು ನಮ್ಮ ಅಪ್ಪಂದಿರು. ಅಪ್ಪನ ಬೈಗುಳ ತಿಂದೇ ಹಸಿರು ಶಾಲು ಹೊದ್ದವರು ನಾವು.

ಈಗಿನ ಹುಡುಗರ ಮೇಲೆ ನನಗೆ ಸಿಟ್ಟಿರುವುದು ಬೇರೆ ಕಾರಣಕ್ಕೆ. 2023ರ ಸೆಪ್ಟೆಂಬರಿನಲ್ಲಿ ಕಾವೇರಿಗಾಗಿ ಮಂಡ್ಯ ಬಂದ್ ಮಾಡಿದೆವು. ಸಂಜಯ ವೃತ್ತದಲ್ಲಿ ಹುಡುಗರು ಬಂದರು, ಘೋಷಣೆ ಕೂಗಿದರು, ಮೊಬೈಲ್‌ನಲ್ಲಿ ವಿಡಿಯೊ ತೆಗೆದರು, ಮಧ್ಯಾಹ್ನಕ್ಕೆಲ್ಲ ಮಾಯ. ಧರಣಿಯ ಪೆಂಡಾಲಿನಲ್ಲಿ ಸಂಜೆ ಉಳಿದವರು ಅದೇ ನರೆತ ತಲೆಗಳು. ಹೋರಾಟ ಎಂದರೆ ಕೂರುವುದು. ಕೂರುವುದಕ್ಕೆ ತಾಳ್ಮೆ ಬೇಕು.

ಮದ್ದೂರು ಸೀಮೆಯವನು:

ಅಣ್ಣ, ಮಧ್ಯಾಹ್ನ ಹೋದವರಲ್ಲಿ ಅರ್ಧ ಮಂದಿ ಕಾರ್ಖಾನೆಯ ಪಾಳಿಗೆ ಹೋದವರು. ಒಂದು ದಿನ ಗೈರಾದರೆ ಗುತ್ತಿಗೆದಾರ ಮಾರನೆಯ ದಿನ ಗೇಟಿನೊಳಗೆ ಬಿಡುವುದಿಲ್ಲ. ನಿಮಗೆ ಆಗ ಕಬ್ಬಿನ ಗದ್ದೆ ಕೈ ಹಿಡಿದಿತ್ತು.

ಇನ್ನೊಂದು ಮಾತು. ನೀರು ಬಿಡಬೇಡಿ ಎಂದು ತಮಿಳುನಾಡಿನ ವಿರುದ್ಧ ಕೂಗುವಾಗ ನಾವು ಬೇಕು. ಸುಪ್ರೀಂ ಕೋರ್ಟ್ 2018ರಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ ಎಂದು ನಿಗದಿ ಮಾಡಿತು, ಸರಿ. ಆ ನೀರಿನಲ್ಲಿ ನಮ್ಮ ಗದ್ದೆಗಳಿಗೆ ನೀರುಣಿಸುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಯಾವಾಗ ಬಿಡಬೇಕು, ಕಟ್ಟು ಪದ್ಧತಿಯಲ್ಲಿ ಎಷ್ಟು ದಿನ ಬಿಡಬೇಕು, ಎಷ್ಟು ದಿನ ನಿಲ್ಲಿಸಬೇಕು ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಕೊನೆಯ ಭಾಗದ ಒಬ್ಬ ಹುಡುಗ ರೈತನಿಗೂ ಕುರ್ಚಿ ಇಲ್ಲ. ಮದ್ದೂರು, ಮಳವಳ್ಳಿಯ ಕೊನೆಯ ತೂಬಿನಲ್ಲಿ ನೀರು ಬಂತೋ ಇಲ್ಲವೋ ಎಂದು ರಾತ್ರಿ ಟಾರ್ಚ್ ಹಿಡಿದು ಕಾಯುವವರು ನಾವೇ ಅಲ್ಲವೇ? ಘೋಷಣೆಗೆ ನಾವು, ತೀರ್ಮಾನಕ್ಕೆ ಅವರು. ತಾಳ್ಮೆ ಕೆಡುವುದು ಇಂಥಲ್ಲಿ.

ನಿವೃತ್ತ ಮೇಷ್ಟ್ರು, ಮಂಡ್ಯ:

ಇಬ್ಬರ ಮಾತನ್ನೂ ಓದಿದೆ. ಚರಿತ್ರೆ ಪಾಠ ಮಾಡಿದವನಾದ್ದರಿಂದ ಚರಿತ್ರೆಯಿಂದಲೇ ಶುರು ಮಾಡುತ್ತೇನೆ, ಬೇಸರಪಡಬೇಡಿ.

ನಮ್ಮ ಸೀಮೆಯಲ್ಲಿ ಕಿರಿಯರು ಹಿರಿಯರನ್ನು ಎದುರು ಹಾಕಿಕೊಂಡು ಗೆದ್ದದ್ದು ಹೊಸದಲ್ಲ. 1962ರ ಚುನಾವಣೆಯಲ್ಲಿ ಮದ್ದೂರಿನಲ್ಲಿ ಕಾಂಗ್ರೆಸ್‌ನಿಂದ ನಿಂತವರು ಕೆ.ವಿ. ಶಂಕರಗೌಡರು. ಸಾಮಾನ್ಯರಲ್ಲ, ನಿತ್ಯಸಚಿವ ಎಂದು ಜನ ಪ್ರೀತಿಯಿಂದ ಕರೆದ ವ್ಯಕ್ತಿ, ಮಂಡ್ಯದಲ್ಲಿ ಪಿ.ಇ.ಎಸ್. ವಿದ್ಯಾಸಂಸ್ಥೆಗಳನ್ನು ಕಟ್ಟಿದವರು. ಅವರ ಪರವಾಗಿ ನೆಹರೂ ಅವರೇ ಪ್ರಚಾರ ಮಾಡಿದ್ದರು. ಎದುರಿಗೆ ಪಕ್ಷೇತರನಾಗಿ ನಿಂತದ್ದು ಸೋಮನಹಳ್ಳಿಯ, ಇನ್ನೂ ಮೂವತ್ತು ತುಂಬದ ಒಬ್ಬ ವಕೀಲ. ಗೆದ್ದದ್ದು ಆ ಹುಡುಗ, ಎಸ್.ಎಂ. ಕೃಷ್ಣ. ಮೂವತ್ತೇಳು ವರ್ಷಗಳ ನಂತರ ಮುಖ್ಯಮಂತ್ರಿಯಾದರು. ದೇವರಾಜ ಅರಸರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಬಂದದ್ದು 1941ರಲ್ಲಿ, ಆಗ ಅವರಿಗೆ ಇಪ್ಪತ್ತಾರರ ಆಸುಪಾಸು. ಸಿದ್ದರಾಮಯ್ಯನವರ ಮೊದಲ ಗೆಲುವು 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿಗೆ. ವಿಧಾನಸಭೆಗೆ ಹೋದದ್ದು ಆಮೇಲೆ, 1983ರಲ್ಲಿ.

ಇಲ್ಲಿ ಒಂದನ್ನು ಗಮನಿಸಿ. ಇವರಲ್ಲಿ ಯಾರನ್ನೂ ಅಪ್ಪ ಕೈ ಹಿಡಿದು ವೇದಿಕೆಗೆ ಹತ್ತಿಸಲಿಲ್ಲ. ಕೆಳಗಿನ ಮೆಟ್ಟಿಲು ಒಂದು ಎಲ್ಲೋ ಇತ್ತು, ಕಾಲಿಟ್ಟರು. ಇವತ್ತು ‘ಯುವ ನಾಯಕ’ ಎಂದು ನಮ್ಮ ಮುಂದೆ ನಿಲ್ಲಿಸುವವರ ಪಟ್ಟಿಯನ್ನು ಪಕ್ಷಭೇದವಿಲ್ಲದೆ ನೋಡಿ. ಹೆಚ್ಚಿನವರು ಮಂತ್ರಿಯ ಮಗ, ಮಾಜಿ ಶಾಸಕರ ಮೊಮ್ಮಗ, ಸಂಸದರ ಅಳಿಯ. ಅವರ ವಯಸ್ಸು ಚಿಕ್ಕದಿರಬಹುದು. ತಂದೆಯ ಬಳಗ, ತಂದೆಯ ದುಡ್ಡು, ತಂದೆಯ ಹಗೆ ಎಲ್ಲವನ್ನೂ ಹೊತ್ತು ಬಂದವರು ಹೊಸ ತಲೆಮಾರು ಹೇಗಾಗುತ್ತಾರೆ? ಮಂಡ್ಯದ ಜನ ಇದನ್ನು ಬಲ್ಲರು. 2019ರ ಲೋಕಸಭಾ ಚುನಾವಣೆಯಲ್ಲಿ ಅಂದಿನ ಮುಖ್ಯಮಂತ್ರಿಗಳ ಮಗ ಒಂದೂಕಾಲು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಆದರೆ ಗೆದ್ದದ್ದು ಕೂಡ ಹಳ್ಳಿಯಿಂದ ಎದ್ದುಬಂದ ಹೊಸ ಹುಡುಗಿಯಲ್ಲ, ದಿವಂಗತ ಅಂಬರೀಷ್ ಅವರ ಪತ್ನಿ. ಎರಡು ದೊಡ್ಡ ಮನೆಗಳ ನಡುವೆ ಆಯ್ಕೆ ಮಾಡುವುದಷ್ಟೇ ಮತದಾರನಿಗೆ ಉಳಿದಿತ್ತು.

ಪಾಂಡವಪುರದ ರೈತ:

ಮೇಷ್ಟ್ರೇ, ಮನೆತನದ ಮಾತಿನಲ್ಲಿ ನಮ್ಮನ್ನೂ ಸೇರಿಸಿಬಿಡುತ್ತೀರಿ ಎಂದು ಗೊತ್ತು, ಅದಕ್ಕೆ ನಾನೇ ಹೇಳುತ್ತೇನೆ. ನಮ್ಮ ರೈತ ಸಂಘದ ನಾಯಕ, ಶಾಸಕರಾಗಿದ್ದ ಪುಟ್ಟಣ್ಣಯ್ಯನವರು 2018ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಅಮೆರಿಕದಲ್ಲಿದ್ದ ಮಗ ದರ್ಶನ್ ಅವರನ್ನು ನಿಲ್ಲಿಸಿದೆವು. ಜನ ಆ ವರ್ಷ ಸೋಲಿಸಿದರು, 2023ರಲ್ಲಿ ಗೆಲ್ಲಿಸಿದರು. ಆ ಸಲ ನಮ್ಮ ಮೇಲುಕೋಟೆ ಕ್ಷೇತ್ರದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮತ ಬಿದ್ದು ರಾಜ್ಯಕ್ಕೇ ಮೊದಲಾಯಿತು. ಸಂಘದಲ್ಲಿ ಬೇರೆ ಹುಡುಗರು ಇರಲಿಲ್ಲವೇ ಎಂದು ಕೇಳಿದರೆ ಇದ್ದರು. ಅವರನ್ನು ಬೆಳೆಸುವ ಕೆಲಸ ಇನ್ನೂ ಬಾಕಿ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಮಾನಸಗಂಗೋತ್ರಿಯಿಂದ:

ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೇನೆ, ಊರು ಮಳವಳ್ಳಿ ಕಡೆ. ಮೇಷ್ಟ್ರು ಹೇಳಿದ ಮೆಟ್ಟಿಲಿನ ಮಾತು ಓದಿ ಬರೆಯಬೇಕೆನಿಸಿತು.

ಮೈಸೂರಿನಲ್ಲಿ ರಾಮಸ್ವಾಮಿ ವೃತ್ತದ ಮೂಲಕ ದಿನಕ್ಕೆ ಸಾವಿರಾರು ವಿದ್ಯಾರ್ಥಿಗಳು ಓಡಾಡುತ್ತಾರೆ. ಆ ರಾಮಸ್ವಾಮಿ ಯಾರು ಎಂದು ನನ್ನ ತರಗತಿಯಲ್ಲಿ ಕೇಳಿದಾಗ ಒಬ್ಬರೋ ಇಬ್ಬರೋ ಹೇಳಿದರು. 1947ರ ಸೆಪ್ಟೆಂಬರಿನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಮೈಸೂರು ಚಲೋ ನಡೆದಾಗ ಗುಂಡಿಗೆ ಬಲಿಯಾದ ವಿದ್ಯಾರ್ಥಿ ಆತ. ಮರುತಿಂಗಳು ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಅಂದರೆ ಈ ರಾಜ್ಯದ ಮೊದಲ ಜನರ ಸರ್ಕಾರದ ಹಿಂದೆ ಶಾಲಾ ಕಾಲೇಜು ಮಕ್ಕಳ ರಕ್ತ ಇದೆ. ಅಂಥ ಊರಿನಲ್ಲಿ ಇವತ್ತು ಒಂದು ಕಾಲೇಜಿನ ವಿದ್ಯಾರ್ಥಿ ಸಂಘಕ್ಕೆ ಮತ ಹಾಕಿ ಪ್ರತಿನಿಧಿಯನ್ನು ಆರಿಸುವಂತಿಲ್ಲ. ಅಂಕಪಟ್ಟಿ ನೋಡಿ ಪ್ರಾಂಶುಪಾಲರೇ ಒಬ್ಬರನ್ನು ನೇಮಿಸುತ್ತಾರೆ. ಹಾಗೆ ನೇಮಕವಾದವರು ಹಾಸ್ಟೆಲ್ ಊಟದ ಬಗ್ಗೆ ಪ್ರಾಂಶುಪಾಲರನ್ನು ಪ್ರಶ್ನೆ ಮಾಡುವುದು ಹೇಗೆ?

ಹದಿನೆಂಟು ತುಂಬಿದವರಿಗೆ 1989ರಿಂದ ದೇಶದ ಪ್ರಧಾನಿಯನ್ನು ತೀರ್ಮಾನಿಸುವ ಮತ ಕೊಟ್ಟಿದ್ದಾರೆ. ಹೆಚ್ಚು ಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆಗಳು ನಿಂತವು. ಲೋಕಸಭೆಗೆ ಮತ ಹಾಕುವ ಬುದ್ಧಿ ಇದೆ, ಹಾಸ್ಟೆಲ್ ಕಾರ್ಯದರ್ಶಿಯನ್ನು ಆರಿಸುವ ಬುದ್ಧಿ ಇಲ್ಲ ಎಂದರೆ ಯಾವ ನ್ಯಾಯ?

ನಿವೃತ್ತ ಮೇಷ್ಟ್ರು, ಮಂಡ್ಯ:

ತಾಯಿ, ಇಲ್ಲಿ ನನ್ನ ಒಪ್ಪಿಗೆ ಇಲ್ಲ. ಆ ಚುನಾವಣೆಗಳನ್ನು ಕಣ್ಣಾರೆ ಕಂಡವನು ನಾನು. ಕಾಲೇಜಿನ ಗೇಟಿನ ಮುಂದೆ ಶಾಸಕರ ಜೀಪು ನಿಲ್ಲುತ್ತಿತ್ತು. ಹುಡುಗರು ಜಾತಿಯ ಮೇಲೆ ಎರಡು ಗುಂಪಾಗುತ್ತಿದ್ದರು. ಸೈಕಲ್ ಚೈನು, ಚಾಕು ಒಳಗೆ ಬರುತ್ತಿದ್ದವು. ಫಲಿತಾಂಶ ಬಂದ ಮೇಲೆ ವಾರಗಟ್ಟಲೆ ಪಾಠ ಇಲ್ಲ. ಹೊಡೆದಾಟದ ಕೇಸು ಬಿದ್ದ ಬಡ ರೈತರ ಮಕ್ಕಳು ನ್ಯಾಯಾಲಯಕ್ಕೆ ಅಲೆದು ಅಲೆದು ಓದು ಬಿಟ್ಟರು. ಜೀಪು ಕಳಿಸಿದವರ ಮಕ್ಕಳು ಅಷ್ಟರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದ್ದರು. ಮತ್ತೆ ಅದನ್ನು ತರುವುದಾದರೆ ಮೊದಲು ಬಲಿಯಾಗುವವರು ಮೊದಲ ತಲೆಮಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರೇ.

ವಕೀಲ, ಮೈಸೂರು:

ಮೇಷ್ಟ್ರ ಆತಂಕ ಸುಳ್ಳಲ್ಲ. ಅದೇ ಆತಂಕಕ್ಕೆ ಉತ್ತರವಾಗಿ, ಕಾಲೇಜು ಚುನಾವಣೆ ಹೇಗೆ ನಡೆಯಬೇಕು ಎಂದು ಹೇಳಲು ಲಿಂಗ್ಡೊ ಸಮಿತಿ ಬಂತು. 2006ರಲ್ಲಿ ಸುಪ್ರೀಂ ಕೋರ್ಟ್ ಅದರ ಶಿಫಾರಸುಗಳನ್ನು ಒಪ್ಪಿತು. ಪದವಿ ವಿದ್ಯಾರ್ಥಿಗಳಲ್ಲಿ ಸ್ಪರ್ಧಿಸುವವರ ವಯಸ್ಸು 17ರಿಂದ 22ರ ಒಳಗಿರಬೇಕು, ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು, ನೂರಕ್ಕೆ 75ರಷ್ಟು ಹಾಜರಾತಿ ಇರಬೇಕು, ಕ್ರಿಮಿನಲ್ ಹಿನ್ನೆಲೆ ಇರಬಾರದು, ಮುದ್ರಿತ ಪೋಸ್ಟರ್ ಬಳಸಬಾರದು, ಪಕ್ಷದ ಹಣ ಬರಬಾರದು. ಜೀಪು ನಿಲ್ಲಿಸುವವರನ್ನು ತಡೆಯುವ ಬೇಲಿ ಕಾಗದದ ಮೇಲಂತೂ ಇದೆ. ಅಡವಿಗೆ ಹೆದರಿ ಹೊಲವನ್ನೇ ಪಾಳು ಬಿಡುವುದು ಬೇಕಿರಲಿಲ್ಲ.

ಆದರೆ ನನ್ನ ದೃಷ್ಟಿಯಲ್ಲಿ ಕಾಲೇಜಿಗಿಂತ ದೊಡ್ಡ ಅನ್ಯಾಯ ಬೇರೆ ಕಡೆ ನಡೆದಿದೆ, ಅದರ ಬಗ್ಗೆ ಯಾರಿಗೂ ಸಿಟ್ಟು ಬಂದಂತಿಲ್ಲ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಐದು ವರ್ಷ 2021ಕ್ಕೆ ಮುಗಿಯಿತು. ಅಲ್ಲಿಂದ ಮುಂದೆ ಕ್ಷೇತ್ರ ಪುನರ್ವಿಂಗಡಣೆ ಎಂದರು, ಮೀಸಲಾತಿ ಪಟ್ಟಿ ಎಂದರು, ಹೈಕೋರ್ಟಿನಲ್ಲಿ ವಾಯಿದೆ ಕೇಳಿದರು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇದೇ. ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಆಳಿದರು. 2016ರ ಮಾರ್ಚ್‌ನಲ್ಲಿ ಹದಿನೆಂಟು ತುಂಬಿದ ಹುಡುಗ ಇಪ್ಪತ್ತೇಳು ದಾಟಿದರೂ ಒಂದು ಸಲವೂ ತನ್ನ ಜಿಲ್ಲಾ ಪಂಚಾಯಿತಿ ಸದಸ್ಯನಿಗೆ ಮತ ಹಾಕಲಿಲ್ಲ. ನಮ್ಮ ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಅವಧಿಯೂ 2023ರ ನವೆಂಬರಿನಲ್ಲಿ ಮುಗಿಯಿತು, ಹೊಸಬರು ಬರುವ ಮೊದಲೇ ಕುರ್ಚಿಗಳು ಖಾಲಿಯಾದವು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದ 243ಇ ಮತ್ತು 243ಯು ವಿಧಿಗಳು ಹೇಳುತ್ತವೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಇದನ್ನು ಒತ್ತಿ ಹೇಳಿತ್ತು.

ಶಾಸಕರಾಗಲು 25 ವರ್ಷ ಬೇಕು. ಪಂಚಾಯಿತಿಗೆ, ಪಾಲಿಕೆಗೆ 21 ಸಾಕು. ಅಂದರೆ ಇಪ್ಪತ್ತೊಂದರ ಹುಡುಗ ಹುಡುಗಿಯರು ಸ್ಪರ್ಧಿಸಬಹುದಾದ ಜಾಗಗಳಿಗೇ ಬೀಗ ಹಾಕಿದ್ದಾಯಿತು. ಜಿಲ್ಲಾ ಪಂಚಾಯಿತಿಯಲ್ಲಿ ಗಟ್ಟಿಯಾದವನು ನಾಳೆ ವಿಧಾನಸಭೆಯ ಟಿಕೆಟ್ ಕೇಳುತ್ತಾನೆ ಎಂದು ಶಾಸಕರಿಗೆ ಗೊತ್ತು. ಚುನಾವಣೆ ಮುಂದಕ್ಕೆ ಹೋದಾಗ ಯಾವ ಶಾಸಕರೂ ಬೀದಿಗೆ ಇಳಿಯದೇ ಇದ್ದುದಕ್ಕೆ ನಾನು ಬೇರೆ ಕಾರಣ ಕಾಣೆ.

ಮದ್ದೂರು ಸೀಮೆಯವನು:

ಸರ್, ಇದು ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನ ಜೊತೆ ಡಿಪ್ಲೊಮಾ ಓದಿದ ಗೆಳೆಯ ಒಬ್ಬ ತಾಲ್ಲೂಕು ಪಂಚಾಯಿತಿಗೆ ನಿಲ್ಲುತ್ತೇನೆ ಎಂದು ಊರೂರು ತಿರುಗಿದ. ರಕ್ತದಾನ ಶಿಬಿರ ಮಾಡಿದ, ಕೆರೆ ಏರಿಯ ಮೇಲಿನ ಜಾಲಿ ತೆಗೆಸಿದ. ಚುನಾವಣೆ ಇವತ್ತು ನಾಳೆ ಎನ್ನುತ್ತಾ ಮುಂದಕ್ಕೆ ಹೋಯಿತು. ಕೈಯಲ್ಲಿದ್ದ ದುಡ್ಡು ಕರಗಿತು. ಈಗ ಬಿಡದಿಯಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗುತ್ತಾನೆ. ರಾಜಕೀಯ ನಮ್ಮಂಥವರಿಗಲ್ಲ ಎನ್ನುತ್ತಾನೆ.

ಬೆಂಗಳೂರಿನಲ್ಲಿರುವ ನಾಗಮಂಗಲದವನು:

ಆ ಗೆಳೆಯನ ಜಾಗದಲ್ಲಿ ನಾನೂ ಇದ್ದೆ, ಆದ್ದರಿಂದ ಒಂದೆರಡು ಮಾತು. ಊರಿನಲ್ಲಿ ಮತದಾನದ ಹಿಂದಿನ ರಾತ್ರಿ ನಮ್ಮನ್ನು ಬೆಂಗಳೂರಿನಿಂದ ಬಸ್ ಮಾಡಿ ಕರೆಸಿಕೊಳ್ಳುತ್ತಾರೆ. ಊಟ, ಖರ್ಚಿಗೆ ದುಡ್ಡು, ವಾಪಸು ಬಿಡುವ ವ್ಯವಸ್ಥೆ ಎಲ್ಲ ಇದೆ. ಬಸ್ಸಿನಲ್ಲೇ ನಮ್ಮ ಮನೆಯ ಮತ ಇಂಥವರಿಗೆ ಎಂದು ಲೆಕ್ಕ ಬರೆದುಕೊಳ್ಳುತ್ತಾರೆ. ಅಪ್ಪ ಹೇಳಿದ ಗುರುತಿಗೆ ಒತ್ತದಿದ್ದರೆ ಮನೆಯಲ್ಲಿ ಮುಖ ಕೊಟ್ಟು ಮಾತನಾಡುವುದಿಲ್ಲ. ನನ್ನ ತಂಗಿ ಕಳೆದ ಚುನಾವಣೆಯಲ್ಲಿ ನನ್ನ ಮತ ನನ್ನದು ಎಂದಳು, ಅಷ್ಟೇ. ಹಬ್ಬಕ್ಕೆ ಊರಿಗೆ ಹೋದಾಗಲೂ ಅಪ್ಪ ಆ ಮಾತನ್ನು ಎತ್ತಿ ಆಡುತ್ತಾರೆ. ತಲೆಮಾರಿನ ಜಗಳ ಎಂದರೆ ನಮ್ಮ ಮನೆಯಲ್ಲಿ ಇದು.

ಅಪ್ಪನ ಕಡೆಯಿಂದಲೂ ಯೋಚಿಸಿದ್ದೇನೆ. ಆಸ್ಪತ್ರೆಗೆ ಸೇರಿಸಬೇಕಾದಾಗ ಒಂದು ಫೋನ್ ಮಾಡಲು, ಪಂಪ್‌ಸೆಟ್‌ನ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಬೇಗ ಬದಲಿಸಲು ಊರಿನಲ್ಲಿ ಒಬ್ಬ ಮುಖಂಡನ ಬೆಂಬಲ ಬೇಕು. ಆ ಬೆಂಬಲಕ್ಕೆ ಅಪ್ಪ ಕೊಡುವ ಬೆಲೆ ಮನೆಯ ಐದು ಮತ. ತಂಗಿ ಒಂದು ಮತ ಕಿತ್ತುಕೊಂಡರೆ ಅಪ್ಪನಿಗೆ ತನ್ನ ಮಾತಿನ ಬೆಲೆ ಕಡಿಮೆಯಾಯಿತು ಎನಿಸುತ್ತದೆ. ಟ್ರಾನ್ಸ್‌ಫಾರ್ಮರ್ ಯಾರ ಶಿಫಾರಸೂ ಇಲ್ಲದೆ ಬದಲಾಗುವ ದಿನ ಬಂದರೆ ಅಪ್ಪನೂ ತಂಗಿಯ ಮತವನ್ನು ತಂಗಿಗೆ ಬಿಡುತ್ತಾರೆ ಎಂಬುದು ನನ್ನ ನಂಬಿಕೆ.

ಕೆ.ಆರ್. ಪೇಟೆ ಕಡೆಯವಳು:

ಇಷ್ಟು ಹೊತ್ತು ಹುಡುಗರು, ಹುಡುಗರು ಎಂದೇ ಮಾತು ಸಾಗಿದೆ. ಹುಡುಗಿಯರೂ ಇದ್ದೇವೆ. ನಾನು ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಿದ್ದವಳು. 2020ರ ಡಿಸೆಂಬರ್ ಚುನಾವಣೆಯಲ್ಲಿ ನಮ್ಮ ಸ್ಥಾನ ಮಹಿಳೆಗೆ ಬಂತು. ಮಾವನವರು ಮೊದಲು ಎರಡು ಸಲ ಸದಸ್ಯರಾಗಿದ್ದವರು. ಮನೆಯಲ್ಲಿ ಓದಿದವಳು ನಾನು, ಆದ್ದರಿಂದ ನನ್ನನ್ನು ನಿಲ್ಲಿಸಿದರು. ಊರಿನ ಯಜಮಾನರು ಸೇರಿ ಅವಿರೋಧ ಆಯ್ಕೆ ಮಾಡೋಣ ಎಂದರು. ನನ್ನನ್ನು ಯಾರೂ ಕೇಳಲಿಲ್ಲ, ನಾಮಪತ್ರಕ್ಕೆ ಸಹಿ ಮಾತ್ರ ಹಾಕಿಸಿದರು.

ಅಧ್ಯಕ್ಷೆಯಾದ ಮೇಲೆ ಹಣ ಪಾವತಿಗೆ ಡಿಜಿಟಲ್ ಸಹಿಯ ಕೀಲಿ ಕೊಡುತ್ತಾರೆ, ನೋಡಲು ಪೆನ್‌ಡ್ರೈವ್ ಇದ್ದಂತೆ ಇರುತ್ತದೆ. ನನ್ನದು ಇದ್ದದ್ದು ಮಾವನವರ ಅಂಗಿಯ ಜೇಬಿನಲ್ಲಿ, ತಾಂಬೂಲದ ಪೊಟ್ಟಣದ ಜೊತೆ. ಬಿಲ್ಲು ಪಾವತಿಯಾದದ್ದು ನನಗೆ ತಿಳಿಯುತ್ತಿದ್ದದ್ದು ಮೊಬೈಲಿಗೆ ಸಂದೇಶ ಬಂದ ಮೇಲೆ. ಒಂದು ಚರಂಡಿ ಕಾಮಗಾರಿಯ ಸಂದೇಶ ಬಂದಾಗ ನಾನು ಆ ಬೀದಿಗೆ ಹೋಗಿ ನೋಡಿದೆ. ಚರಂಡಿ ಅರ್ಧಕ್ಕೆ ನಿಂತಿತ್ತು, ಹಣ ಪೂರ್ತಿ ಹೋಗಿತ್ತು. ಸಹಿ ನನ್ನದು. ನಾಳೆ ವಿಚಾರಣೆ ಬಂದರೆ ಕರೆಯುವುದು ಮಾವನವರನ್ನಲ್ಲ, ನನ್ನನ್ನು. ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗ ಕೀಲಿ ನನಗೆ ಕೊಡಿ ಎಂದೆ. ಮನೆಯಲ್ಲಿ ಒಂದು ವಾರ ಮಾತಿಲ್ಲ. ಅತ್ತೆ ನನ್ನ ಕಡೆ ನಿಂತರು. ಅವರೇ ಜೇಬಿನಿಂದ ತೆಗೆದು ತಂದು ಕೊಟ್ಟರು.

ಆಮೇಲೆ ಮಾವನವರೇ ನನಗೆ ಬಹಳ ಕಲಿಸಿದರು, ಇದನ್ನು ಹೇಳಲೇಬೇಕು. ಯಾವ ಗುತ್ತಿಗೆದಾರ ಮರಳಿನಲ್ಲಿ ಮೋಸ ಮಾಡುತ್ತಾನೆ, ಯಾವ ಊರಿನಲ್ಲಿ ಯಾವ ಓಣಿಯನ್ನು ಮೊದಲು ಮಾಡಿದರೆ ಜಗಳ ಏಳುವುದಿಲ್ಲ, ನರೇಗಾ ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರು ಹೇಗೆ ಬರುತ್ತದೆ, ಎಲ್ಲವೂ ಅವರ ಬಾಯಲ್ಲಿತ್ತು. ಆ ತಿಳಿವಳಿಕೆ ಯಾವ ತರಬೇತಿಯಲ್ಲೂ ಸಿಗಲಿಲ್ಲ. ಕೀಲಿ ಕೈಗೆ ಬರುವ ತನಕ ಅವರು ಆಳುತ್ತಿದ್ದರು. ಬಂದ ಮೇಲೆ ಸಲಹೆ ಕೊಟ್ಟರು.

1983ರ ಪಂಚಾಯಿತಿ ಕಾಯ್ದೆಯಲ್ಲಿ, ನಜೀರ್ ಸಾಬ್ ಅವರು ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲಕ್ಕೇ ಹೆಣ್ಣುಮಕ್ಕಳಿಗೆ ನೂರಕ್ಕೆ 25 ಜಾಗ ಬಂತು, 2010ರಿಂದ ಅರ್ಧ. ಮೀಸಲಾತಿ ಇಲ್ಲದಿದ್ದರೆ ನನ್ನಂಥವಳು ಪಂಚಾಯಿತಿ ಕಚೇರಿಯ ಹೊಸ್ತಿಲು ದಾಟುತ್ತಿರಲಿಲ್ಲ. ಹುಡುಗರಿಗೂ ಹೀಗೇ ವಯಸ್ಸಿನ ಮೀಸಲಾತಿ ಕೊಡಿ ಎಂದು ನಾನು ಕೇಳುತ್ತೇನೆ. ಪ್ರತಿ ಪಂಚಾಯಿತಿಯಲ್ಲಿ ಮೂವತ್ತೈದರ ಒಳಗಿನವರಿಗೆ ಕೆಲವು ಸ್ಥಾನ ಇರಲಿ.

ಮಾನಸಗಂಗೋತ್ರಿಯಿಂದ:

ಅಕ್ಕ, ನಿಮ್ಮ ಮಾತು ಓದಿ ಮೈ ನವಿರೆದ್ದಿತು. ಆದರೆ ವಯಸ್ಸಿನ ಮೀಸಲಾತಿ ಬಂದರೆ ಆ ಸ್ಥಾನವನ್ನೂ ಯಜಮಾನರ ಮಗನೇ ತುಂಬುವುದಿಲ್ಲವೇ?

ಕೆ.ಆರ್. ಪೇಟೆ ಕಡೆಯವಳು:

ತುಂಬುತ್ತಾನೆ. ಮಹಿಳಾ ಸ್ಥಾನಗಳನ್ನು ಯಜಮಾನರ ಸೊಸೆಯರು ತುಂಬಿದಂತೆಯೇ. ಅದರಲ್ಲಿ ಹತ್ತರಲ್ಲಿ ಇಬ್ಬರು ಕೀಲಿ ಕೇಳಿದರೂ ಲಾಭವೇ. ಒಳಗೆ ಕಾಲಿಡದವರು ಕೇಳುವುದಕ್ಕೂ ಆಗುವುದಿಲ್ಲ, ತಂಗಿ.

ನಿವೃತ್ತ ಮೇಷ್ಟ್ರು, ಮಂಡ್ಯ:

ಕಾಲೇಜು ಚುನಾವಣೆಯ ವಿಷಯದಲ್ಲಿ ವಕೀಲರು ಕೊಟ್ಟ ಉತ್ತರ ನನ್ನನ್ನು ಒಪ್ಪಿಸಿಲ್ಲ. ಕಾಗದದ ಬೇಲಿಯನ್ನು ನಮ್ಮ ಸೀಮೆಯ ಜೀಪುಗಳು ಹಾರಿ ಬರುತ್ತವೆ. ಪಂಚಾಯಿತಿಗಳ ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಬೇಕು ಎನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಸ್ವಾತಂತ್ರ್ಯ ಹೋರಾಟದ ಬಾವುಟ ಹಾರಿಸಲು ಸುತ್ತಲಿನ ಹಳ್ಳಿಗಳಿಂದ ಜನ ಬಂದರಲ್ಲ, ಅವರು ಕೇಳಿದ್ದು ನಮ್ಮನ್ನು ನಾವೇ ಆಳಿಕೊಳ್ಳುತ್ತೇವೆ ಎಂದು. ಮದ್ದೂರಿನ ಸತ್ಯಾಗ್ರಹ ಸೌಧದ ಮುಂದೆ ಪ್ರತಿವರ್ಷ ಬಾವುಟ ಹಾರಿಸಿ, ತಾಲ್ಲೂಕು ಪಂಚಾಯಿತಿಯನ್ನು ಅಧಿಕಾರಿಗಳ ಕೈಗೆ ಒಪ್ಪಿಸಿ ಸುಮ್ಮನಿರುವುದು ನನ್ನಂಥವನಿಗೆ ನುಂಗಲಾರದ ತುತ್ತು.

ಪಾಂಡವಪುರದ ರೈತ:

ತಮ್ಮ ಮದ್ದೂರಿನವನೇ, ಡೈರಿ ಷೇರನ್ನು ಹಾಲು ಕರೆಯುವವರ ಹೆಸರಿಗೆ ಮಾಡಿ ಎಂದು ಸಂಘದ ಮುಂದಿನ ಸಭೆಯಲ್ಲಿ ನಾನು ಮಾತು ಎತ್ತುತ್ತೇನೆ. ಹದಿನೆಂಟು ತುಂಬಿದ ಮಗನೋ ಸೊಸೆಯೋ ಬೇರೆ ಸದಸ್ಯತ್ವಕ್ಕೆ ಅರ್ಜಿ ಹಾಕಿದರೆ ಕೊಡುವುದಿಲ್ಲ ಎನ್ನುವ ಡೈರಿಗಳು ಯಾವುವು ಎಂದು ಪಟ್ಟಿ ಮಾಡಿ ತಾ. ಬರಿಯ ದೂರಿಗಿಂತ ಪಟ್ಟಿ ಇದ್ದರೆ ನಾಲ್ಕು ಜನ ಕೇಳುತ್ತಾರೆ. ನಮ್ಮ ಮನೆಯಲ್ಲೂ ಷೇರು ಇರುವುದು ನನ್ನ ಹೆಸರಿನಲ್ಲೇ. ಅದನ್ನು ಮೊದಲು ಸೊಸೆಯ ಹೆಸರಿಗೆ ಮಾಡಿಸಿಯೇ ಸಭೆಗೆ ಹೋಗುತ್ತೇನೆ, ಇಲ್ಲದಿದ್ದರೆ ಯಾವ ಮುಖ ಹೊತ್ತು ಮಾತನಾಡಲಿ?

ಮದ್ದೂರು ಸೀಮೆಯವನು:

ಅಣ್ಣ, ನಿಮ್ಮ ಮಾತಿಗೆ ಕೈಮುಗಿದೆ. ನಮ್ಮ ಹೋಬಳಿಯ ಡೈರಿಗಳ ಪಟ್ಟಿ ನಾನು ಮಾಡುತ್ತೇನೆ. ವಕೀಲ ಸರ್, ನಮ್ಮ ಪಂಚಾಯಿತಿಯಲ್ಲಿ ಗ್ರಾಮ ಸಭೆ ನಡೆದಂತೆ ದಾಖಲೆಯಲ್ಲಿದೆ ಎನ್ನುತ್ತಾರೆ, ಊರಿನಲ್ಲಿ ಯಾರೂ ಕಂಡಿಲ್ಲ. ಎಲ್ಲಿಂದ ಶುರು ಮಾಡಲಿ?

ವಕೀಲ, ಮೈಸೂರು:

ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ನಡೆಸುವುದು 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಕಡ್ಡಾಯ. ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕಳೆದ ಗ್ರಾಮ ಸಭೆಯ ನೋಟಿಸು, ನಡಾವಳಿ ಪುಸ್ತಕ, ಹಾಜರಾತಿಯ ಸಹಿಗಳು ಮತ್ತು ಅನುಪಾಲನಾ ವರದಿಯ (ತೀರ್ಮಾನಗಳ ಮೇಲೆ ಏನು ಕ್ರಮ ಆಯಿತು ಎಂಬುದರ) ಪ್ರತಿ ಕೇಳಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಇಲ್ಲದಿದ್ದರೆ ಅದನ್ನೇ ನೆಪ ಮಾಡಿ ವಾಪಸು ಕಳಿಸುತ್ತಾರೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಹಾಜರಾತಿಯ ಸಹಿಗಳ ಪ್ರತಿ ಕೈಗೆ ಬಂದ ಮೇಲೆ ಆ ಹೆಸರಿನವರ ಮನೆಗೆ ಹೋಗಿ, ನೀವು ಸಭೆಗೆ ಹೋಗಿದ್ದಿರಾ ಎಂದು ಕೇಳಿ. ಉಳಿದದ್ದು ತಾನಾಗಿ ಹೊರಬೀಳುತ್ತದೆ.

ಕೆ.ಆರ್. ಪೇಟೆ ಕಡೆಯವಳು:

ಒಂದು ಮಾತು ಸೇರಿಸುತ್ತೇನೆ, ಒಳಗಿದ್ದು ನೋಡಿದವಳಾಗಿ. ಗ್ರಾಮ ಸಭೆಗಿಂತ ಮೊದಲು ವಾರ್ಡ್ ಸಭೆ ಆಗಬೇಕು. ಮನೆ ಯಾರಿಗೆ, ಕಾಮಗಾರಿ ಎಲ್ಲಿಗೆ ಎಂಬ ಬೇಡಿಕೆ ಬರೆಸಬೇಕಾದದ್ದು ಅಲ್ಲಿ. ಬಹಳ ಹುಡುಗರು ಗ್ರಾಮ ಸಭೆಗೆ ಬಂದು ಗಂಟಲು ಹರಿಯುವಂತೆ ಕೂಗುತ್ತಾರೆ, ಪಟ್ಟಿ ಅಷ್ಟರಲ್ಲಿ ಸಿದ್ಧವಾಗಿರುತ್ತದೆ. ನಿಮ್ಮ ವಾರ್ಡಿನ ಸಭೆ ಯಾವತ್ತು ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಲಿಖಿತವಾಗಿ ಕೇಳಿಕೊಳ್ಳಿ. ಹೋಗುವಾಗ ಹತ್ತು ಹೆಂಗಸರನ್ನಾದರೂ ಕರೆದುಕೊಂಡು ಹೋಗಿ. ನೀವು ಬರೆಸಿದ್ದನ್ನು ನಡಾವಳಿಯಲ್ಲಿ ಓದಿ ಹೇಳುವ ತನಕ ಯಾರೂ ಸಹಿ ಹಾಕಬೇಡಿ.